ನವಮಿಯ ಪ್ರಯಾಣ

ಅಷ್ಟಮಿ ನವಮಿಗಳಲ್ಲಿ ಪ್ರಯಾಣ ಹೊರಡಬಾರದೆಂಬ ಮಾತನ್ನು ಕೇಳುತ್ತಲೇ ಬೆಳೆದವನು ನಾನು. ಬಯಲುಸೀಮೆಯ ನಮ್ಮೂರಿನಲ್ಲಿ ಅದಕ್ಕೆ ಎದುರಾಡಿದವರನ್ನು ಕಾಣೆ. ಆದರೆ ಅಘನಾಶಿನಿಯ ಹಿನ್ನೀರಿನಲ್ಲಿ ಒಬ್ಬನೇ ಹಾಯಿದೋಣಿ ನಡೆಸಬೇಕೆಂಬ ನನ್ನ ಹಂಬಲಕ್ಕೆ ದೋಣಿಯ ಒಡೆಯರಾದ ಹಿರಿಯರು ಗೊತ್ತುಮಾಡಿದ ದಿನ ಮಾಘ ಬಹುಳ ನವಮಿ. ನನ್ನ ಅನುಮಾನವನ್ನು ಕಂಡು ಅವರು ನಕ್ಕರು. “ಹುಣ್ಣಿಮೆ ಅಮಾವಾಸ್ಯೆಗೆ ನೀರಿನ ಸೆಳೆತ ಜೋರು, ಮಾಸ್ತರ್ರೆ. ಹೊಸಬರಿಗೆ ನವಮಿಯೇ ಲಾಯಕ್ಕು.”

ಸೂರ್ಯಚಂದ್ರರು ಒಂದೇ ಸಾಲಿನಲ್ಲಿದ್ದು ಸೆಳೆಯುವಾಗ ಉಬ್ಬರವಿಳಿತ ಹಿರಿದು. ಅಡ್ಡಡ್ಡಲಾಗಿ ಸೆಳೆಯುವ ಅಷ್ಟಮಿ ನವಮಿಗಳ ಆಸುಪಾಸಿನಲ್ಲಿ ಕಿರಿದು. ಪಂಚಾಂಗವೇನೋ ಒಂದೇ, ನೆಲದವನು ಅದನ್ನು ಓದುವ ಬಗೆ ಬೇರೆ, ನೀರಿನವನು ಓದುವ ಬಗೆ ಬೇರೆ.

ಶಿರಸಿಯ ಕಡೆ ಹುಟ್ಟಿ, ದೊಡ್ಡ ಅಣೆಕಟ್ಟು ಯಾವುದಕ್ಕೂ ಸಿಕ್ಕದೆ, ಘಟ್ಟವಿಳಿದು ಬರುವ ಅಘನಾಶಿನಿಯು ಕುಮಟೆಯ ಉತ್ತರಕ್ಕೆ ವಿಶಾಲವಾಗಿ ಹರಡಿಕೊಳ್ಳುತ್ತದೆ. ಇತ್ತ ಅಘನಾಶಿನಿಯೆಂಬುದೇ ಹೆಸರಿನ ಊರು, ಅತ್ತ ತದಡಿ. ನಡುವೆ ಇಕ್ಕಟ್ಟಾದ ಅಳಿವೆ. ಅದರಾಚೆಗೆ ಕಡಲು. ಉಪ್ಪುನೀರನ್ನು ಸಹಿಸುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳೂ ಕಾಂಡ್ಲಾ ವನಗಳೂ ಈ ಒಳನೀರಿನ ಅಂಚಿನವು. ಈ ಪ್ರದೇಶಕ್ಕೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆತಿದೆ.

ಮುಂಜಾನೆ ನೀರು ತುಂಬಿತ್ತು. ರಾತ್ರಿ ತಣಿದ ನೆಲದಿಂದ ಕಡಲ ಕಡೆಗೆ ಗಾಳಿ ಮೆಲ್ಲನೆ ಬೀಸುತ್ತಿತ್ತು. ಇಳಿತದೊಡನೆ ಆ ನೆಲಗಾಳಿಯಲ್ಲಿ ಪಶ್ಚಿಮಕ್ಕೆ ಹೋಗುವುದು; ನೆಲ ಕಾದ ಮೇಲೆ ಕಡಲಿನಿಂದ ಬರುವ ಗಾಳಿಯಲ್ಲಿ ಭರತದೊಡನೆ ಹಿಂದಿರುಗುವುದು. ಅಳಿವೆಯನ್ನು ಮಾತ್ರ ದಾಟಕೂಡದು. “ಗಾಳಿ ಸತ್ತರೆ ಮೊದಲು ಲಂಗರು, ಆಮೇಲೆ ಬುದ್ಧಿ” ಎಂಬುದು ಹಿರಿಯರು ಹೇಳಿದ ಕಡೆಯ ಮಾತು.

ಹಾಯಿ ಗಾಳಿ ತುಂಬಿಕೊಂಡಿತು. ತಮಿಳು ಮಲಯಾಳಗಳಲ್ಲಿ ‘ಪಾಯ್’ ಎಂದರೆ ಚಾಪೆಯೂ ಹೌದು, ಹಾಯಿಯೂ ಹೌದು. ನಮ್ಮ ಹಾಯಿಯೂ ಅದೇ ಕುಲದ ಪದ. ಇದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಆದರೆ ಹಾಯಿಯ ಹಗ್ಗ ಅಂಗೈಯನ್ನು ಹೇಗೆ ಎಳೆಯುತ್ತದೆಂಬುದು ಆ ದಿನದವರೆಗೆ ತಿಳಿದಿರಲಿಲ್ಲ. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಚುಕ್ಕಾಣಿ. ಬೆಳ್ಳಕ್ಕಿಗಳು ಸಾಲಾಗಿ ಕುಳಿತ ದಂಡೆ ಹಿಂದೆ ಸರಿಯಿತು. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬ ಗಾದೆ ನೆನಪಾಗಿ, ನನ್ನ ಚಾತುರ್ಯಕ್ಕೆ ನಾನೇ ಮೆಚ್ಚಿದೆ. ಹಿಂದಿರುಗಲು ಗೊತ್ತುಮಾಡಿಕೊಂಡಿದ್ದ ಮರಳದಿಬ್ಬವನ್ನು ದಾಟಿ ಇನ್ನಷ್ಟು ಮುಂದೆ ಹೋದೆ.

ಆಗ ಗಾಳಿ ಸತ್ತಿತು. ನೆಲಗಾಳಿ ಮುಗಿದು ಕಡಲಗಾಳಿ ಇನ್ನೂ ಹುಟ್ಟದ ಹೊತ್ತು ಅದು. ಹಾಯಿ ಜೋತುಬಿತ್ತು. ದೋಣಿ ಮಾತ್ರ ನಿಲ್ಲಲಿಲ್ಲ. ನೀರಿನ್ನೂ ಇಳಿಯುತ್ತಲೇ ಇತ್ತು. ನವಮಿಯ ಮೆಲುಸೆಳೆತವೂ ಇಕ್ಕಟ್ಟಿನಲ್ಲಿ ಬಿರುಸಾಗಿತ್ತು. ಅಳಿವೆಯ ಬಾಯಲ್ಲಿ ಅಲೆ ಮುರಿಯುವ ಬಿಳಿಗೆರೆ ಕಾಣಿಸಿತು. ಹುಟ್ಟು ಹಾಕತೊಡಗಿದೆ. ಉಸಿರು ಕಟ್ಟುವಷ್ಟು ಹೊತ್ತು ಹಾಕಿ ತಲೆಯೆತ್ತಿದರೆ, ದಡದ ತೆಂಗಿನಮರ ಹಿಂದಾಗುವ ಬದಲು ಮುಂದಾಗಿತ್ತು. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಯಾವ ದೋಣಿಯೂ ಇರಲಿಲ್ಲ. ಈಜು ಬಲ್ಲೆನೆಂಬ ಧೈರ್ಯ ಆ ಬಿಳಿಗೆರೆಯ ಮುಂದೆ ನಿಲ್ಲಲಿಲ್ಲ. ಮನೆಯವರ ಮುಖ ಕಣ್ಣಮುಂದೆ ಬಂತು. ಹಿರಿಯರ ಮಾತು ನೆನಪಾದದ್ದು ಅನಂತರ. ಕೈ ನಡುಗುತ್ತಲೇ ಲಂಗರನ್ನು ನೀರಿಗಿಳಿಸಿ ಹಗ್ಗ ಬಿಟ್ಟೆ. ಒಮ್ಮೆ ಜಾರಿತು, ಮತ್ತೆ ಕಚ್ಚಿತು. ದೋಣಿ ಮೂತಿಯನ್ನು ಪ್ರವಾಹಕ್ಕೆ ತಿರುಗಿಸಿ ನಿಂತಿತು.

ನೀರಿಳಿದಂತೆ ಪಕ್ಕದ ಮರಳದಂಡೆ ಮೇಲೆದ್ದಿತು. ಬುಟ್ಟಿ ಹಿಡಿದ ಹೆಂಗಸರು ಬೆಳಚು ಹೆಕ್ಕಲು ಅತ್ತಲಿಂದ ನಡೆದುಬಂದರು. ಒಬ್ಬಾಕೆ ಕೂಗಿ ಕೇಳಿದಳು: “ಎಲ್ಲಿಗೆ ಹೊರಟದ್ದು, ಅಣ್ಣ?”

“ಎಲ್ಲಿಗೂ ಇಲ್ಲ” ಎಂದೆ.

“ಹಾಗಾದರೆ ಅವಸರ ಎಂತಕ್ಕೆ? ನೀರು ತಿರುಗ್ತದೆ, ಕೂತ್ಕೊಳ್ಳಿ.”

ಕುಳಿತೆ. ಅವರು ನೆತ್ತಿಯ ಬಿಸಿಲಿನಲ್ಲಿ ಬಾಗಿ, ಕಾಲಿನಿಂದ ಮರಳು ಕೆದಕಿ, ಚಿಪ್ಪುಗಳನ್ನು ಬುಟ್ಟಿಗೆ ತುಂಬುತ್ತಿದ್ದರು. ನನಗೆ ವಿಹಾರವಾದ ಇಳಿತ ಅವರಿಗೆ ಆ ದಿನದ ಅನ್ನ. ಅದು ಮುಗಿಯುವ ಗಳಿಗೆ ಅವರಿಗೆ ಗಡಿಯಾರವಿಲ್ಲದೆ ತಿಳಿದಿತ್ತು. ತೂರುವ ಗಾದೆ ಕಣದ್ದು ಎಂಬುದು ಅಲ್ಲಿ ಹೊಳೆಯಿತು. ಕಣದಲ್ಲಿ ಗಾಳಿಯೊಂದು ಬಂದರೆ ಸಾಕು, ಕಾಲ ಕೆಳಗಿನ ನೆಲ ಹರಿದುಹೋಗುವುದಿಲ್ಲ. ಇಲ್ಲಿ ಗಾಳಿ ಬರುವುದರ ಜೊತೆಗೆ ನೀರೂ ಒಪ್ಪಬೇಕು. ಒಪ್ಪುವ ತನಕ ನಿಲ್ಲಲು ಬರಬೇಕು.

ಮಧ್ಯಾಹ್ನ ದಾಟಿದ ಮೇಲೆ ಲಂಗರಿನ ಹಗ್ಗ ಸಡಿಲವಾಯಿತು. ದೋಣಿ ತಾನಾಗಿ ಹೊರಳಿ ಕಡಲಿಗೆ ಮುಖಮಾಡಿತು. ಹೆಂಗಸರು ಬುಟ್ಟಿ ಹೊತ್ತು ದಡಕ್ಕೆ ಹೊರಟರು. ಪಶ್ಚಿಮದ ನೀರಿನ ಮೇಲೆ ಕಪ್ಪನೆಯ ಗೆರೆಯೊಂದು ಮೂಡಿ ಹತ್ತಿರ ಬಂದು, ಹಾಯಿಯನ್ನು ಪಟಕ್ಕನೆ ತುಂಬಿತು. ಗಾಳಿಯೂ ಭರತವೂ ಸೇರಿ ನನ್ನನ್ನು ಮನೆಯತ್ತ ಒಯ್ದವು. ಅದರಲ್ಲಿ ನನ್ನ ಚಾತುರ್ಯವೇನೂ ಇರಲಿಲ್ಲ.

ಧಕ್ಕೆಯಲ್ಲಿ ಕಾದಿದ್ದ ಹಿರಿಯರು ಎಲ್ಲಿಯವರೆಗೆ ಹೋಗಿದ್ದಿರೆಂದು ಕೇಳಲಿಲ್ಲ. ದೋಣಿಗೆ ಇಳಿದವರೇ ಸುತ್ತಿಟ್ಟ ಲಂಗರಿನ ಹಗ್ಗವನ್ನು ಮುಟ್ಟಿ ನೋಡಿದರು.

“ಒದ್ದೆಯಾಗಿದೆ” ಎಂದರು. “ಒಳ್ಳೇದಾಯ್ತು.”