ಹವಾನಿಯಂತ್ರಕಗಳ ಸ್ಟಾರ್ ಲೇಬಲ್ (ಭಾರತ)

ಹವಾನಿಯಂತ್ರಕಗಳ ಸ್ಟಾರ್ ಲೇಬಲ್ ಎಂಬುದು ಭಾರತದಲ್ಲಿ ಮಾರಾಟವಾಗುವ ಕೊಠಡಿ ಹವಾನಿಯಂತ್ರಕಗಳ (ಎ.ಸಿ.) ವಿದ್ಯುತ್ ದಕ್ಷತೆಯನ್ನು ಒಂದರಿಂದ ಐದು ನಕ್ಷತ್ರಗಳ ಮೂಲಕ ಸೂಚಿಸುವ ಕಡ್ಡಾಯ ಗುರುತುಚೀಟಿಯಾಗಿದೆ. ಕೇಂದ್ರ ವಿದ್ಯುತ್ ಸಚಿವಾಲಯದ ಅಧೀನದಲ್ಲಿರುವ ಇಂಧನ ದಕ್ಷತಾ ಬ್ಯೂರೋ (ಬಿಇಇ) ಇದನ್ನು ನಿರ್ವಹಿಸುತ್ತದೆ. ನಕ್ಷತ್ರಗಳು ಹೆಚ್ಚಿದಷ್ಟೂ ಅದೇ ಪ್ರಮಾಣದ ತಂಪಿಗೆ ತಗಲುವ ವಿದ್ಯುತ್ ಕಡಿಮೆ. ಆದರೆ ಮಾನದಂಡವು ಕಾಲಕಾಲಕ್ಕೆ ಬಿಗಿಯಾಗುವುದರಿಂದ, ಲೇಬಲ್ ಯಾವ ಅವಧಿಗೆ ಸೇರಿದುದೆಂದು ನೋಡದೆ ನಕ್ಷತ್ರಗಳನ್ನಷ್ಟೇ ಹೋಲಿಸುವುದು ಸರಿಯಲ್ಲ.

ಹಿನ್ನೆಲೆ

ಇಂಧನ ಸಂರಕ್ಷಣಾ ಕಾಯ್ದೆ, 2001ರ ಅನ್ವಯ 2002ರ ಮಾರ್ಚ್ 1ರಂದು ಬ್ಯೂರೋ ಸ್ಥಾಪನೆಯಾಯಿತು. ಲೇಬಲ್ ಕಾರ್ಯಕ್ರಮವು 2006ರ ಮೇ ತಿಂಗಳಲ್ಲಿ ಆರಂಭವಾಯಿತು. ಮೊದಲು ಐಚ್ಛಿಕವಾಗಿದ್ದ ಲೇಬಲ್, ಕೊಠಡಿ ಹವಾನಿಯಂತ್ರಕಗಳಿಗೆ 2010ರ ಜನವರಿಯಲ್ಲಿ ಕಡ್ಡಾಯವಾಯಿತು. ಈ ವ್ಯವಸ್ಥೆಗೆ ಎರಡು ಮುಖಗಳಿವೆ. ಲೇಬಲ್ ಗ್ರಾಹಕನಿಗೆ ಆಯ್ಕೆಯ ದಾರಿ ತೋರಿಸುತ್ತದೆ. ಕನಿಷ್ಠ ಮಾನಕವು ಒಂದು ನಕ್ಷತ್ರದ ಮಟ್ಟವನ್ನೂ ತಲುಪದ ಯಂತ್ರಗಳನ್ನು ಮಾರುಕಟ್ಟೆಯಿಂದ ದೂರವಿಡುತ್ತದೆ.

ದಕ್ಷತೆಯ ಅಳತೆ

ಆರಂಭದಲ್ಲಿ ಇಂಧನ ದಕ್ಷತಾ ಅನುಪಾತವನ್ನು (ಇಇಆರ್) ಬಳಸಲಾಗುತ್ತಿತ್ತು. ಯಂತ್ರವು ಹೊರಹಾಕುವ ಶಾಖವನ್ನು ಅದು ಬಳಸುವ ವಿದ್ಯುತ್ತಿನಿಂದ ಭಾಗಿಸಿದರೆ ಈ ಅನುಪಾತ ದೊರೆಯುತ್ತದೆ. ಇದನ್ನು ಒಂದೇ ನಿಗದಿತ ಉಷ್ಣಾಂಶದಲ್ಲಿ ಅಳೆಯುತ್ತಿದ್ದುದರಿಂದ, ಅಗತ್ಯಕ್ಕೆ ತಕ್ಕಂತೆ ವೇಗವನ್ನು ತಗ್ಗಿಸಿಕೊಳ್ಳಬಲ್ಲ ಇನ್ವರ್ಟರ್ ಯಂತ್ರಗಳ ನಿಜವಾದ ಉಳಿತಾಯ ಗೋಚರಿಸುತ್ತಿರಲಿಲ್ಲ. ಆದುದರಿಂದ ಭಾರತೀಯ ಋತುಮಾನ ಇಂಧನ ದಕ್ಷತಾ ಅನುಪಾತವನ್ನು (ಐಎಸ್‌ಇಇಆರ್) ರೂಪಿಸಿ, 2018ರ ಜನವರಿಯಿಂದ ಕಡ್ಡಾಯಗೊಳಿಸಲಾಯಿತು. ಇದು 24ರಿಂದ 43 ಡಿಗ್ರಿ ಸೆಲ್ಸಿಯಸ್‌ವರೆಗಿನ ಹೊರಗಿನ ಉಷ್ಣಾಂಶವನ್ನೂ ವರ್ಷಕ್ಕೆ 1,600 ಗಂಟೆಗಳ ಬಳಕೆಯನ್ನೂ ಆಧರಿಸಿದೆ.

ಮಾನದಂಡದ ಪರಿಷ್ಕರಣೆ

2018 ಮತ್ತು 2022ರ ಪರಿಷ್ಕರಣೆಗಳಲ್ಲಿ ಸ್ಪ್ಲಿಟ್ ಮಾದರಿಗಳಿಗೆ ಬೇಕಾಗಿದ್ದ ಕನಿಷ್ಠ ಐಎಸ್‌ಇಇಆರ್ ಹೀಗಿತ್ತು:

| ನಕ್ಷತ್ರ | 2018ರ ಜನವರಿಯಿಂದ | 2022ರ ಜುಲೈನಿಂದ |
|---|---|---|
| 1 | 3.1 | 3.3 |
| 2 | 3.3 | 3.5 |
| 3 | 3.5 | 3.8 |
| 4 | 4.0 | 4.4 |
| 5 | 4.5 | 5.0 |

2018ರಲ್ಲಿ 4.5 ಅನುಪಾತದೊಂದಿಗೆ ಐದು ನಕ್ಷತ್ರ ಪಡೆದ ಯಂತ್ರವು 2022ರ ಕೋಷ್ಟಕದಲ್ಲಿ ನಾಲ್ಕು ನಕ್ಷತ್ರಕ್ಕೆ ಇಳಿಯುತ್ತದೆ. ಯಂತ್ರ ಬದಲಾಗಿಲ್ಲ, ಅಳತೆಗೋಲು ಬದಲಾಗಿದೆ. ಹಳೆಯ ದಾಸ್ತಾನನ್ನು ಅಥವಾ ಬಳಸಿದ ಯಂತ್ರವನ್ನು ಕೊಳ್ಳುವವರು ಲೇಬಲ್‌ನಲ್ಲಿ ಮುದ್ರಿತವಾದ ಅವಧಿಯನ್ನೂ ಐಎಸ್‌ಇಇಆರ್ ಸಂಖ್ಯೆಯನ್ನೂ ಗಮನಿಸಬೇಕಾಗುತ್ತದೆ.

ಈ ಸಂಖ್ಯೆಯಿಂದ ಖರ್ಚಿನ ವ್ಯತ್ಯಾಸವನ್ನು ಸುಲಭವಾಗಿ ಲೆಕ್ಕ ಹಾಕಬಹುದು. ಒಂದು ಕೋಣೆಯಿಂದ ವರ್ಷಕ್ಕೆ 5,000 ಯೂನಿಟ್‌ನಷ್ಟು ಶಾಖವನ್ನು ಹೊರಹಾಕಬೇಕೆಂದು ಭಾವಿಸೋಣ. 3.3 ಅನುಪಾತದ ಯಂತ್ರಕ್ಕೆ ಸುಮಾರು 1,515 ಯೂನಿಟ್ ವಿದ್ಯುತ್ ಬೇಕು, 5.0 ಅನುಪಾತದ ಯಂತ್ರಕ್ಕೆ 1,000 ಯೂನಿಟ್ ಸಾಕು. ಯೂನಿಟ್‌ಗೆ 8 ರೂಪಾಯಿಯಂತೆ ವಾರ್ಷಿಕ ಉಳಿತಾಯ ಸುಮಾರು 4,120 ರೂಪಾಯಿ.

ಇತರ ಅಭಿವೃದ್ಧಿಶೀಲ ರಾಷ್ಟ್ರಗಳು

ಚೀನಾ 2005ರಲ್ಲಿ ಹವಾನಿಯಂತ್ರಕಗಳಿಗೆ ಇಂಧನ ಲೇಬಲ್ ಜಾರಿಗೊಳಿಸಿತು. ಅದೇ ವರ್ಷ ಘಾನಾ ಕನಿಷ್ಠ ಇಇಆರ್ 2.8 ಎಂದು ನಿಗದಿಪಡಿಸಿತು. 2008ರ ನಿಯಮದ ಮೂಲಕ ಬಳಸಿದ ಹವಾನಿಯಂತ್ರಕಗಳ ಆಮದನ್ನೂ ನಿಷೇಧಿಸಿತು. ಮಾನಕಗಳಿಲ್ಲದ ದೇಶಗಳಿಗೆ ಬೇರೆಡೆ ಮಾರಲಾಗದ ಅದಕ್ಷ ಯಂತ್ರಗಳು ಹರಿದುಬರುವ ಅಪಾಯವಿರುತ್ತದೆ.

ಮಿತಿಗಳು

ದಕ್ಷ ಯಂತ್ರದ ಖರೀದಿ ಬೆಲೆ ಸಾಮಾನ್ಯವಾಗಿ ಹೆಚ್ಚು. ಬಾಡಿಗೆ ಮನೆಯಲ್ಲಿ ಮಾಲೀಕರು ಅಗ್ಗದ ಯಂತ್ರವನ್ನು ಕೊಂಡರೆ, ವಿದ್ಯುತ್ ಬಿಲ್ಲಿನ ಹೊರೆ ಬಾಡಿಗೆದಾರರ ಮೇಲೆ ಬೀಳುತ್ತದೆ. ಲೇಬಲ್‌ನಲ್ಲಿರುವ ಬಳಕೆಯು ಪ್ರಮಾಣಿತ ಲೆಕ್ಕವೇ ಹೊರತು ಪ್ರತಿಯೊಂದು ಮನೆಯ ಬಿಲ್ ಅಲ್ಲ. ಕೋಣೆಯ ಗಾತ್ರ, ಫಿಲ್ಟರಿನ ಸ್ವಚ್ಛತೆ ಮತ್ತು ಆಯ್ದುಕೊಂಡ ಉಷ್ಣಾಂಶ ಇವೆಲ್ಲವೂ ಬಿಲ್ಲಿನ ಮೇಲೆ ಪರಿಣಾಮ ಬೀರುತ್ತವೆ. ಈ ಕಾರಣದಿಂದ 2020ರ ಜನವರಿ 1ರಿಂದ ಸ್ಟಾರ್ ಲೇಬಲ್ ಹೊಂದಿದ ಕೊಠಡಿ ಹವಾನಿಯಂತ್ರಕಗಳು ಚಾಲನೆಗೊಂಡಾಗ ತಾವಾಗಿಯೇ 24 ಡಿಗ್ರಿಯಲ್ಲಿರಬೇಕೆಂದು ವಿಧಿಸಲಾಗಿದೆ. ಬಳಕೆದಾರರು ಅದನ್ನು ಬದಲಾಯಿಸಿಕೊಳ್ಳಬಹುದು.