ಮಳಿ ಹ್ಯಾಂಗಿತ್ತ್?

ಕಳೆದ ತಿಂಗಳ ನಮ್ಮ ಕೂಟದಲ್ಲಿ ಗೆಳೆಯರೊಬ್ಬರು ಒಂದು ಮಾತು ಎತ್ತಿದರು. ನಮ್ಮ ಕತೆ ಕಾದಂಬರಿಗಳಲ್ಲಿ ರೈತ ಬಾಯಿ ತೆರೆದರೆ ಒಂದೋ ಗಾದೆ ಹೇಳುತ್ತಾನೆ, ಇಲ್ಲವೇ ಗೋಳು ಹೇಳುತ್ತಾನೆ. ನಿಜವಾದ ರೈತರು ಸಂಜೆ ಹೊತ್ತು ಜಗಲಿಯಲ್ಲಿ ಕೂತಾಗ ಏನು ಮಾತಾಡುತ್ತಾರೆ ಎಂಬುದು ಅವರ ಪ್ರಶ್ನೆ. “ಮಳೆ ಬಗ್ಗೆ ಮಾತಾಡ್ತಾರೆ, ಇನ್ನೇನು?” ಎಂದೆ ನಾನು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮನೆಗೆ ನಡೆದು ಬರುವಾಗ, ಹೇಳಿದ್ದು ಸುಳ್ಳಲ್ಲದಿದ್ದರೂ ಅರ್ಧವೇ ಸರಿ ಎನ್ನಿಸಿತು. ಉಳಿದ ಅರ್ಧವನ್ನು ಇಲ್ಲಿ ಬರೆಯಲು ಪ್ರಯತ್ನಿಸಿದ್ದೇನೆ.

ನಾನು ಬೇಸಾಯ ಮಾಡಿದವನಲ್ಲ. ಹುಟ್ಟಿ ಬೆಳೆದದ್ದೆಲ್ಲ ಮುಲುಂಡ್. ಗದ್ದೆಯ ಕೆಸರಿಗೆ ಕಾಲಿಟ್ಟದ್ದು ಬೆರಳೆಣಿಕೆಯ ಸಲ, ಅದೂ ಚಪ್ಪಲಿ ಕಳಕೊಂಡು ಅತ್ತದ್ದೇ ನೆನಪು. ಆದರೆ ಬೇಸಾಯದ ಮಾತಿಲ್ಲದೆ ನಮ್ಮ ಮನೆಯಲ್ಲಿ ಒಂದು ದಿನವೂ ಕಳೆದಿಲ್ಲ. ಅಪ್ಪ ಕುಂದಾಪುರದ ಕಡೆಯ ಹಳ್ಳಿಯಿಂದ 1977ರಲ್ಲಿ ಹದಿನೈದು ವರ್ಷದ ಹುಡುಗನಾಗಿ ಹೋಟೆಲ್ ಕೆಲಸಕ್ಕೆ ಬಂದವರು. ಜೂನ್ ಬಂತೆಂದರೆ ಈಗಲೂ ಬಾಲ್ಕನಿಯಲ್ಲಿ ನಿಂತು ಯೇವೂರು ಗುಡ್ಡದ ಕಡೆ ನೋಡುತ್ತಾರೆ. ಮೋಡ ಗುಡ್ಡದ ತಲೆಗೆ ಇಳಿಯಿತೋ ಇಲ್ಲವೋ ನೋಡಿ ಊರಿಗೆ ಫೋನು ಹಚ್ಚುತ್ತಾರೆ.

“ಹ್ವಾಯ್, ಮಳಿ ಹ್ಯಾಂಗಿತ್ತ್?”

ಕುಂದಾಪುರದ ಕನ್ನಡ ಗೊತ್ತಿಲ್ಲದ ಗೆಳೆಯರಿಗೆ ಒಂದು ಮಾತು: ಇಲ್ಲಿ ‘ಇತ್ತ್’ ಎಂದರೆ ‘ಇದೆ’ ಎಂದೇ ಅರ್ಥ, ಹಿಂದೆ ಇದ್ದದ್ದಲ್ಲ. ಆ ಕಡೆಯಿಂದ ಉತ್ತರ: “ಎಂತ ಮಳಿ ಮಾರಾಯ್ರೆ, ಬತ್ತ್, ಹೋತ್ತ್.” ಹೀಗೆ ಹತ್ತು ನಿಮಿಷ. ಚಿಕ್ಕಂದಿನಲ್ಲಿ ನನಗೆ ಇದು ಬರೀ ಹೊತ್ತು ಕಳೆಯುವ ಮಾತು ಅನ್ನಿಸುತ್ತಿತ್ತು. ಮಳೆ ಬಂತೋ ಇಲ್ಲವೋ ಪೇಪರಿನಲ್ಲಿ ಬರುವುದಿಲ್ಲವೇ!

ಪೇಪರಿನಲ್ಲಿ ಬರುವುದಿಲ್ಲ. ಮುಂಗಾರು ಕೇರಳಕ್ಕೆ ಮುಟ್ಟುವ ವಾಡಿಕೆಯ ದಿನ ಜೂನ್ 1, ಮುಂಬಯಿಗೆ ಜೂನ್ 11. ನಮ್ಮ ಕರಾವಳಿ ನಡುವೆ. ಅಷ್ಟು ಹವಾಮಾನ ಇಲಾಖೆ ಹೇಳುತ್ತದೆ. ಆದರೆ ಗದ್ದೆ ಎಲ್ಲ ಒಂದೇ ಅಲ್ಲ. ಕರಾವಳಿಯಲ್ಲಿ ತಗ್ಗಿನ ನೀರು ನಿಲ್ಲುವ ಗದ್ದೆ ಬೈಲು, ನಡುವಿನದು ಮಜಲು, ಮೇಲಿನದು ಬೆಟ್ಟು. ಬೆಟ್ಟಿನ ಗದ್ದೆಗೆ ಮಳೆಯೇ ಗತಿ, ಒಂದೇ ಬೆಳೆ. ಮಜಲಿಗೆ ಎರಡು ಬೆಳೆ, ಬೈಲಿಗೆ ಮೂರೂ ಆಗಬಹುದು. ತುಳುವಿನವರು ಈ ಮೂರನ್ನು ಏಣೆಲು, ಸುಗ್ಗಿ, ಕೊಳಕೆ ಎನ್ನುತ್ತಾರೆ. ಹಾಗಾಗಿ “ಬತ್ತ್, ಹೋತ್ತ್” ಎಂದರೆ ಬೈಲಿನವನಿಗೆ ತೊಂದರೆಯಿಲ್ಲ, ಬೆಟ್ಟಿನವನಿಗೆ ಅಗೆ ಬಲಿಯುತ್ತಿದೆ, ನೆಡಲು ನೀರಿಲ್ಲ ಎಂದು ಅರ್ಥ. ಇಪ್ಪತ್ತೈದು ದಿನದ ಹೊತ್ತಿಗೆ ಕಿತ್ತು ನೆಡಬೇಕಾದ ಅಗೆ ಸಸಿಮಡಿಯಲ್ಲೇ ಉಳಿದರೆ ಆಮೇಲೆ ತೆಂಡೆ ಒಡೆಯುವುದು ಕಡಿಮೆ. ಮಾತು ಮಳೆಯದ್ದು, ಲೆಕ್ಕ ಬೇರೆಯದು. “ನಟ್ಟಿ ಆಯ್ತಾ?” ಎಂಬ ಎರಡನೆಯ ಪ್ರಶ್ನೆಯ ಒಳಗೆ ಆಳು ಸಿಕ್ಕಿದರೇ ಎಂಬುದಿದೆ. ಆಳು ಸಿಕ್ಕಿದರೇ ಎಂಬುದರ ಒಳಗೆ ಕೈಯಲ್ಲಿ ದುಡ್ಡಿದೆಯೇ ಎಂಬುದಿದೆ. ನೇರ “ದುಡ್ಡಿತ್ತಾ?” ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಕೊಡಬೇಕಾಗುತ್ತದೆ, ಕೊಡದಿದ್ದರೆ ಮುಖ ಕೆಡುತ್ತದೆ. ಮಳೆಯ ಮೇಲೆ ಹಾಕಿ ಕೇಳಿದರೆ ಇಬ್ಬರಿಗೂ ಮರ್ಯಾದೆ.

ನಮ್ಮ ಮುಲುಂಡ್ ಸ್ಟೇಷನ್ನಿನ ಹೊರಗೆ ಸಂಜೆ ಸೇರುವ ಹಿರಿಯರ ಒಂದು ಗುಂಪಿದೆ. ಅಪ್ಪನೂ ಅದರಲ್ಲಿದ್ದಾರೆ. ಒಬ್ಬರು ಕಾರ್ಕಳದ ಕಡೆಯವರು, ಒಬ್ಬರು ಬಿಜಾಪುರದ ಕಡೆಯವರು. ಯಾರೂ ಈಗ ನೇಗಿಲು ಹಿಡಿದವರಲ್ಲ. ಆದರೆ ಮಾತು ಕೇಳಿದರೆ ನಾಳೆ ಬೆಳಿಗ್ಗೆ ಗದ್ದೆಗೆ ಇಳಿಯುವವರ ಹಾಗೆ. ಬಿಜಾಪುರದ ಕಾಕಾ ಊರಿಗೆ ಫೋನು ಮಾಡಿದರೆ ಮಳೆಯನ್ನೇ ಕೇಳುವುದಿಲ್ಲ, “ಹದ ಆಗೇತೇನ್ರಿ?” ಎನ್ನುತ್ತಾರೆ. ಎರೆ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವುದು ಮಳೆಗಾಲ ಹಿಂದೆ ಸರಿದ ಮೇಲೆ, ನೆಲದೊಳಗೆ ಉಳಿದ ಹಸಿಯನ್ನು ನಂಬಿ. ಬಿದ್ದ ಮಳೆಗಿಂತ ನಿಂತ ಹಸಿ ಮುಖ್ಯ. ಅವರದ್ದು ನಕ್ಷತ್ರದ ಲೆಕ್ಕ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು-ಹದಿನಾಲ್ಕು ದಿನ ಇರುವುದರಿಂದ ರೋಹಿಣಿ ಮೇ ಕೊನೆಗೆ ಬಂದರೆ ಮೃಗಶಿರ ಜೂನ್ ಎರಡನೆಯ ವಾರ, ಆರಿದ್ರ ಜೂನ್ 22ರ ಸುಮಾರಿಗೆ. “ಆದ್ರೆ ಆರಿದ್ರ, ಇಲ್ಲದಿದ್ರೆ ದರಿದ್ರ” ಎಂಬ ಗಾದೆ ಎಲ್ಲರಿಗೂ ಗೊತ್ತು. ಕಾಕಾ ಅದನ್ನು ಒಮ್ಮೆಯೂ ಹೇಳಿದ್ದು ನಾನು ಕೇಳಿಲ್ಲ. ಅವರು ಹೇಳುವುದು ಬರೀ “ಆರಿದ್ರ ಹತ್ತಿ ನಾಕ್ ದಿನ ಆತು” ಎಂದು. ಗಾದೆಯ ಉಳಿದ ಭಾಗ ಕೇಳುವವರಿಗೆ ಗೊತ್ತಿದೆ. ಕಾದಂಬರಿಕಾರರು ಗಾದೆಯನ್ನು ಪೂರ್ತಿ ಬರೆಯುತ್ತಾರೆ, ರೈತರು ನುಂಗುತ್ತಾರೆ. ಕತೆ ಬರೆಯುವ ಗೆಳೆಯರು ಇದನ್ನು ಗಮನಿಸಬೇಕು.

ಇನ್ನು ಉತ್ತರದ ವಿಷಯ. “ಬೆಳಿ ಹ್ಯಾಂಗೆ?” ಎಂದು ಕೇಳಿದರೆ ಕರಾವಳಿಯಲ್ಲಿ ಉತ್ತರ ಒಂದೇ: “ಅಡ್ಡಿಲ್ಲ.” ಗದ್ದೆ ತುಂಬ ತೆನೆ ಬಾಗಿ ನಿಂತಿದ್ದರೂ “ಅಡ್ಡಿಲ್ಲ”, ಅರ್ಧ ಜೊಳ್ಳಾದರೂ “ಅಡ್ಡಿಲ್ಲ.” ಎಳೆದು ಹೇಳಿದರೆ ಕಷ್ಟ, ತಟ್ಟನೆ ಹೇಳಿದರೆ ಚೆನ್ನಾಗಿದೆ, ನಕ್ಕು ಹೇಳಿದರೆ ತುಂಬಾ ಚೆನ್ನಾಗಿದೆ. ದೃಷ್ಟಿಯಾಗುತ್ತದೆಂಬ ಭಯದಿಂದ ಹಾಗೆ ಹೇಳುತ್ತಾರೆ ಎಂದು ಅಮ್ಮ ಹೇಳುತ್ತಿದ್ದರು. ಇರಬಹುದು. ನನಗೆ ಇನ್ನೊಂದು ಕಾರಣವೂ ಕಾಣುತ್ತದೆ.

ದಕ್ಷಿಣ ಕನ್ನಡದಲ್ಲಿ (ಉಡುಪಿ 1997ರಲ್ಲಿ ಬೇರೆ ಜಿಲ್ಲೆಯಾಯಿತು, ಅಲ್ಲಿಯವರೆಗೆ ನಾವೂ ಅದರಲ್ಲೇ) ಗೇಣಿ ಎರಡು ತರಹ ಇತ್ತು. ಮೂಲಗೇಣಿಯವನಿಗೆ ಗೇಣಿ ಗೊತ್ತಾದದ್ದು, ಒಕ್ಕಲು ಶಾಶ್ವತ. ಚಾಲಗೇಣಿಯವನು ಒಡೆಯನ ಮರ್ಜಿಯಲ್ಲಿ ಇರುವವನು. ಗೇಣಿ ಅಕ್ಕಿಮುಡಿಯ ಲೆಕ್ಕ. ಚಾಲಗೇಣಿಯವನು ಜಗಲಿಯಲ್ಲಿ ಕೂತು “ಈ ಸಲ ಬಂಪರ್ ಬೆಳೆ” ಎಂದು ಹೇಳಿದರೆ ಏನಾಗುತ್ತದೆ? ಮುಂದಿನ ವರ್ಷ ಎರಡು ಮುಡಿ ಹೆಚ್ಚು ಕೇಳುತ್ತಾರೆ, ಇಲ್ಲವೇ ಹೆಚ್ಚು ಕೊಡುವವನಿಗೆ ಗದ್ದೆ ಹೋಗುತ್ತದೆ. ತೀರಾ ಕೆಟ್ಟಿದೆ ಎಂದರೂ ಅಪಾಯ, ಇವನ ಕೈಲಿ ಆಗುವುದಿಲ್ಲ ಎಂದು ಬಿಡಿಸಬಹುದು. “ಅಡ್ಡಿಲ್ಲ” ಎಂಬುದು ಈ ಎರಡರ ನಡುವೆ ಹಾಕಿದ ಬದು ಎಂದು ನನ್ನ ಊಹೆ. ಭಾಷಾಶಾಸ್ತ್ರದವರು ಒಪ್ಪದಿದ್ದರೆ ಬಿಡಲಿ.

ಈ ಊಹೆಗೆ ನನಗೆ ಧೈರ್ಯ ಬಂದದ್ದು ಐರ್ಲೆಂಡಿನಿಂದ. ಕಾನ್ರಾಡ್ ಆರೆನ್ಸ್‌ಬರ್ಗ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ 1930ರ ದಶಕದಲ್ಲಿ ಅಲ್ಲಿಯ ಕ್ಲೇರ್ ಎಂಬ ಜಿಲ್ಲೆಯ ರೈತರ ನಡುವೆ ಇದ್ದು ‘ದಿ ಐರಿಷ್ ಕಂಟ್ರಿಮನ್’ ಎಂಬ ಪುಸ್ತಕ ಬರೆದ. ಅದು 1937ರಲ್ಲಿ ಬಂತು. ಚಳಿಗಾಲದ ಸಂಜೆ ಊರಿನ ವಯಸ್ಸಾದವರು ಒಂದು ಮನೆಯ ಬೆಂಕಿಯ ಸುತ್ತ ಸೇರುತ್ತಾರೆ. ಹುಡುಗರಿಗೆ ಅಲ್ಲಿ ಜಾಗವಿಲ್ಲ, ಅವರ ಕೂಟ ಬೇರೆ. ಹಿರಿಯರಲ್ಲಿ ಒಬ್ಬನದು ಮಾತು ಎತ್ತುವ ಕೆಲಸ, ಒಬ್ಬನದು ತೀರ್ಪು ಹೇಳುವ ಕೆಲಸ. ಸಂತೆಯ ದರ, ಹವೆ, ಯಾವ ಬೆಳೆ ಯಾವಾಗ ಎಂಬ ಮಾತು. ಓದುವಾಗ ನಮ್ಮ ಸ್ಟೇಷನ್ ಗುಂಪೇ ಕಣ್ಣಿಗೆ ಕಟ್ಟಿತು. ತುಂತುರು ಹನಿಯುತ್ತಿರುವ ದಿನ ಅಲ್ಲಿಯವರು ಎದುರಾದರೆ “ಮೆತ್ತಗಿನ ದಿನ” ಎಂದು ಹೇಳಿಕೊಳ್ಳುತ್ತಾರೆ. ಮಳೆ ಎಂದು ಬೈಯುವುದಿಲ್ಲ. ಕೆಲಸಕ್ಕೆ ಒಬ್ಬರಿಗೊಬ್ಬರು ಹೋಗಿ ತೀರಿಸುವ ಪದ್ಧತಿಯೂ ಅವರಲ್ಲಿತ್ತು, ನಮ್ಮ ಮುಯ್ಯಾಳಿನ ಹಾಗೆಯೇ. ಮುಯ್ಯಾಳು ಇದ್ದಲ್ಲಿ ಹರಟೆ ಬರೀ ಹರಟೆಯಾಗುವುದಿಲ್ಲ; ನಾಳೆ ಯಾರ ಮನೆಗೆ ಎಷ್ಟು ಜನ ಎಂಬುದು ಅಲ್ಲೇ ಗೊತ್ತಾಗಬೇಕು. ಐರ್ಲೆಂಡಿನ ರೈತರೂ ಬಹುಕಾಲ ಗೇಣಿದಾರರೇ. ನೆಲ ಹಸನು ಮಾಡಿದರೆ ಗೇಣಿ ಏರುತ್ತದೆಂಬ ದೂರು ಅಲ್ಲಿ 19ನೆಯ ಶತಮಾನದಲ್ಲಿ ಸಾಮಾನ್ಯವಾಗಿತ್ತು. 1903ರ ವಿಂಡಮ್ ಕಾಯಿದೆ ಸರಕಾರದ ಸಾಲ ಕೊಡಿಸಿ ಗೇಣಿದಾರರು ನೆಲ ಕೊಳ್ಳುವಂತೆ ಮಾಡಿತು. ಒಡೆಯರಿಗೆ ಬೆಲೆ ಸಿಕ್ಕಿತು, ಒಕ್ಕಲಿಗೆ ನೆಲ ಸಿಕ್ಕಿತು.

ನಮ್ಮಲ್ಲಿ ನಡೆದದ್ದು ಬೇರೆ ರೀತಿ. ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಯ ಮೇಲಿದ್ದ ನೆಲವೆಲ್ಲ ಸರಕಾರಕ್ಕೆ ಸೇರಿತು. ಉಳುತ್ತಿದ್ದವರು ಏಳನೆಯ ನಂಬ್ರದ ಫಾರ್ಮು ತುಂಬಿ ಭೂನ್ಯಾಯ ಮಂಡಳಿಗೆ ಕೊಡಬೇಕು. ಕೊನೆಯ ದಿನವನ್ನು ಮುಂದೂಡಿ ಮುಂದೂಡಿ 1979ರ ಜೂನ್ 30ಕ್ಕೆ ನಿಲ್ಲಿಸಿದರು. ನಮ್ಮ ಜಿಲ್ಲೆಯಲ್ಲಿ ಗೇಣಿ ಹೆಚ್ಚು, ಹಾಗಾಗಿ ಬದಲಾವಣೆಯೂ ಹೆಚ್ಚು. ಮುಂಬಯಿಯ ಹೋಟೆಲುಗಳಲ್ಲಿ ಬಸಿ ತೊಳೆದ ಹುಡುಗರಲ್ಲಿ ನೆಲ ಕಳಕೊಂಡ ಮನೆಯವರೂ ಇದ್ದರು, ನೆಲ ಸಿಕ್ಕಿಯೂ ಹೊಟ್ಟೆಗೆ ಸಾಲದ ಮನೆಯವರೂ ಇದ್ದರು. ಒಂದೇ ಖೋಲಿಯಲ್ಲಿ ಮಗ್ಗುಲಲ್ಲಿ ಮಲಗಿದರು.

ನಮ್ಮದು ಕಳಕೊಂಡ ಮನೆ. ಕೆಳಮನೆಯವರು (ಹೆಸರು ಬೇಡ) ಚಾಲಗೇಣಿಗೆ ಮಾಡುತ್ತಿದ್ದ ಗದ್ದೆ ಅವರಿಗಾಯಿತು. ನ್ಯಾಯವಾಗಿಯೇ ಆಯಿತು ಎಂದು ನಾನು ಹೇಳುತ್ತೇನೆ. ಮೂರು ತಲೆಮಾರು ಅವರೇ ಉತ್ತದ್ದು. ಅಪ್ಪ ಹಾಗೆ ಹೇಳಿದ್ದನ್ನು ಕೇಳಿಲ್ಲ, ಅಲ್ಲ ಎಂದದ್ದನ್ನೂ ಕೇಳಿಲ್ಲ. ಅವರ ಅಪ್ಪ ನಮ್ಮ ಅಜ್ಜಯ್ಯನನ್ನು “ಒಡೆಯಾ” ಎಂದು ಕರೆಯುತ್ತಿದ್ದರಂತೆ, ಅಜ್ಜಯ್ಯ “ಬಾ, ಕೂಕೋ” ಎನ್ನುತ್ತಿದ್ದರಂತೆ, ಅದೂ ಅಂಗಳದಲ್ಲಿ. ಈಗ ಅವರು ಅಪ್ಪನನ್ನು “ಶೆಟ್ರೆ” ಎನ್ನುತ್ತಾರೆ, ಅಪ್ಪ “ಬನ್ನಿ, ಕೂಕಣಿ” ಎನ್ನುತ್ತಾರೆ, ಜಗಲಿಯಲ್ಲೇ. ಇಷ್ಟು ಬದಲಾಗಲು ಐವತ್ತು ವರ್ಷ, ಒಂದು ಕಾಯಿದೆ ಬೇಕಾಯಿತು. ಬದಲಾಗದೇ ಉಳಿದದ್ದು ಮಳೆಯ ಮಾತು. ವರ್ಷಕ್ಕೊಮ್ಮೆ ನಾವು ಊರಿಗೆ ಹೋದಾಗ ಇಬ್ಬರೂ ಅರ್ಧ ಗಂಟೆ ಕೂತು ಮಾತಾಡುತ್ತಾರೆ. ಯಾವ ಬೀಜ, ಎಂ.ಓ. ನಾಲ್ಕೇ? ತಮಿಳುನಾಡಿನ ಕಟಾವಿನ ಯಂತ್ರಕ್ಕೆ ಗಂಟೆಗೆ ಎಷ್ಟು? ಹಂದಿ, ನವಿಲು, ಮಂಗ. ಆ ಗದ್ದೆಯ ಬಗ್ಗೆಯೇ ಎಲ್ಲ ಮಾತು. ಅದು ಯಾರದ್ದಾಗಿತ್ತು ಎಂಬ ಒಂದು ಮಾತು ಮಾತ್ರ ಇಲ್ಲ.

ಹೋದ ವರ್ಷ ಅಕ್ಟೋಬರಿನಲ್ಲಿ ಹೋದಾಗ ಗದ್ದೆ ಹಡಿಲು ಬಿದ್ದಿತ್ತು. ಹಡಿಲು ಎಂದರೆ ಬೇಸಾಯ ಮಾಡದೆ ಬಿಟ್ಟ ನೆಲ. ಉಡುಪಿ ಜಿಲ್ಲೆಯಲ್ಲಿ ಇದು ಈಗ ಹೊಸ ವಿಷಯವಲ್ಲ. 2021ರಲ್ಲಿ ಕೇದಾರೋತ್ಥಾನ ಟ್ರಸ್ಟ್ ಎಂಬ ಹೆಸರಿನಲ್ಲಿ ಹಡಿಲು ಗದ್ದೆಗಳನ್ನು ಮತ್ತೆ ಉಳುವ ದೊಡ್ಡ ಆಂದೋಲನವೇ ನಡೆಯಿತು. ಮಕ್ಕಳು ಬೆಂಗಳೂರಿನಲ್ಲಿ, ದುಬೈಯಲ್ಲಿ. ಆಳಿನ ಸಂಬಳ ಕೊಟ್ಟು, ಯಂತ್ರದ ಬಾಡಿಗೆ ಕೊಟ್ಟು ಬೆಳೆದ ಅಕ್ಕಿಗಿಂತ ಅಂಗಡಿಯ ಅಕ್ಕಿ ಅಗ್ಗ. ಗೊತ್ತಿದ್ದದ್ದೇ. ಆದರೂ ಅಪ್ಪ ಅಂದು ಮಳೆಯ ಮಾತು ಮುಗಿಯುವ ಮೊದಲೇ ಕೇಳಿಬಿಟ್ಟರು: “ಗದ್ದಿ ಬಿಟ್ಟದ್ದ್ ಎಂತಕ್ಕೆ?”

ಆ ಪ್ರಶ್ನೆ ಕೇಳುವ ರೀತಿ ಅದಲ್ಲ. “ಈ ಸಲ ಆಳಿನ್ ಕಷ್ಟ ಅಂಬ್ರ್” ಎಂದು ಸುತ್ತಿ ಕೇಳಬೇಕಿತ್ತು. ಅಪ್ಪನಿಗೂ ಗೊತ್ತು. ಆ ಒಂದು ವಾಕ್ಯದಲ್ಲಿ ಅಜ್ಜಯ್ಯನ ದನಿ ಬಂದಿತ್ತು. ಕೆಳಮನೆಯವರು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ಹೇಳಿದರು, “ನೀವೂ ಬಿಟ್ಟದ್ದೇ ಅಲ್ದಾ ಶೆಟ್ರೆ.”

ಊರು ಬಿಟ್ಟದ್ದೋ, ನೆಲ ಬಿಟ್ಟದ್ದೋ ಅವರು ಬಿಡಿಸಿ ಹೇಳಲಿಲ್ಲ, ಅಪ್ಪ ಕೇಳಲಿಲ್ಲ. ಚಾ ಕುಡಿದು ಎದ್ದರು. ಹೋಗುವಾಗ ಆಕಾಶ ನೋಡಿ “ರಾತ್ರಿಗೊಂದ್ ಬಪ್ಪು ಹಂಗಿತ್ತ್” ಎಂದರು. ಅಪ್ಪ ಹೂಂಗುಟ್ಟಿದರು. ಆಮೇಲೆ ಏಳೆಂಟು ತಿಂಗಳು ಫೋನಿಲ್ಲ, ಆ ಕಡೆಯಿಂದಲೂ ಇಲ್ಲ. ಸ್ಟೇಷನ್ನಿನ ಗುಂಪಿನಲ್ಲೂ ಅಪ್ಪ ಬರೀ ಕೇಳುತ್ತಿದ್ದರು.

ಈ ಜೂನಿನಲ್ಲಿ ಒಂದು ಸಂಜೆ ನಮ್ಮಲ್ಲಿ ಮಳೆ ಹೊಡೆದು ರೈಲು ನಿಂತಿತ್ತು. ನಾನು ಒದ್ದೆಯಾಗಿ ಮನೆಗೆ ಬರುವಾಗ ಅಪ್ಪ ಫೋನಿನಲ್ಲಿದ್ದರು. ಈ ಸಲ ಆ ಕಡೆಯವರೇ ಮಾಡಿದ್ದು. “ಮುಂಬಯಿಲಿ ಜೋರ್ ಅಂಬ್ರಲೆ?” ಎಂದು ಅವರು ಕೇಳಿರಬೇಕು. ಅಪ್ಪ “ಅಡ್ಡಿಲ್ಲ” ಎಂದರು, ತಟ್ಟನೆ. “ಅಲ್ಲಿ ಹ್ಯಾಂಗಿತ್ತ್?” ಎಂದರು. ಯೇವೂರು ಗುಡ್ಡ ಕಾಣುವುದಿಲ್ಲ ಎಂದರು, ಮೋಡ ಬುಡದವರೆಗೆ ಇಳಿದಿದೆ ಎಂದರು. ಹಂದಿಯ ವಿಷಯ ಬಂತು, ಗೊಬ್ಬರದ ದರ ಬಂತು. ಹತ್ತು ನಿಮಿಷ ಮಾತಾಡಿ ಫೋನ್ ಇಟ್ಟರು.

ಅಮ್ಮ ಒಳಗಿಂದ, “ಗದ್ದಿ ಮಾಡ್ತ್ರಂಬ್ರಾ ಈ ಸಲ?” ಎಂದು ಕೇಳಿದರು.

“ಕೇಣ್ಲಿಲ್ಲ” ಎಂದರು ಅಪ್ಪ.