ನಲವತ್ತೆಂಟು ತಿರುವು, ರೈಟ್ ರೈಟ್!

ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ನಾನು ಕೂತದ್ದು ಬಲಗಡೆಯ ಸೀಟಿನಲ್ಲಿ. ದೊಡ್ಡಬಳ್ಳಾಪುರದಿಂದ ಹಿಂದೂಪುರ, ನಂದಿ, ಘಾಟಿ ಸುಬ್ರಹ್ಮಣ್ಯ, ಕೆಲವು ವರ್ಷ ಧರ್ಮಸ್ಥಳದ ನೈಟ್ ಸರ್ವಿಸು. ಹೋದ ವರ್ಷ ಜೂನ್‌ನಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮಗಳ ಕಾರು ಹತ್ತುವಾಗಲೂ ಅಭ್ಯಾಸಬಲದಿಂದ ಬಲಗಡೆಗೇ ಹೋಗಿ ಕೂತೆ. ಬಾಗಿಲು ಹಾಕಿ ಕೈ ಮುಂದೆ ಚಾಚಿದರೆ ಸ್ಟೀರಿಂಗೇ ಇಲ್ಲ! ಅಲ್ಲಿ ಗಾಡಿ ಓಡುವುದು ರಸ್ತೆಯ ಬಲಗಡೆ, ಸ್ಟೀರಿಂಗ್ ಇರುವುದು ಎಡಗಡೆ. ಹಿಂದಿನ ಸೀಟಿನಲ್ಲಿದ್ದ ಮೊಮ್ಮಗಳು ಕಿಲಕಿಲ ನಕ್ಕಳು. ನನಗೆ ಅರ್ಥವಾದ ಅವಳ ಮೊದಲ ಮಾತು ಆ ನಗುವೇ ಇರಬೇಕು.

ಏಕೆಂದರೆ ಅವಳಿಗೆ ಏಳು ವರ್ಷ, ಹುಟ್ಟಿದ್ದು ಅಲ್ಲೇ, ಆಡುವುದು ಜರ್ಮನ್. ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಬಾಯಿಂದ ಬರುವುದಿಲ್ಲ. ‘ತಾತ’, ‘ಅಜ್ಜಿ’, ‘ಬೇಡ’ ಈ ಮೂರು ಮಾತು ಮಾತ್ರ ಸಲೀಸು. ನನಗೋ ಜರ್ಮನ್ ಒಂದಕ್ಷರ ಬಾರದು. ಹೋಗಿ ಹದಿನೈದು ದಿನವಾದರೂ ನಾವಿಬ್ಬರೂ ಮುಖ ನೋಡಿ ನಗುವುದು, ಬಿಸ್ಕತ್ತು ಹಂಚಿಕೊಳ್ಳುವುದು, ಅಷ್ಟೇ ಆಗಿತ್ತು.

ಆಲ್ಪ್ಸ್ ಪರ್ವತದ ಮೇಲೆ ಐದು ದೇಶ ಸುತ್ತಿ ಬರೋಣ ಎಂದು ಮಗಳು ಹೊರಡಿಸಿದಳು. ಜರ್ಮನಿ, ಆಸ್ಟ್ರಿಯಾ, ಇಟಲಿ, ಸ್ವಿಟ್ಜರ್ಲೆಂಡ್, ಲಿಕ್ಟನ್‌ಸ್ಟೈನ್. ನಾಲ್ಕು ದಿನದ ಪ್ರಯಾಣ. ನನ್ನ ಹೆಂಡತಿ ಪುಳಿಯೋಗರೆ, ಕೋಡುಬಳೆ ಕಟ್ಟಿದಳು. ಅಳಿಯನಿಗೆ ತಿರುವಿನ ದಾರಿಯಲ್ಲಿ ತಲೆ ಸುತ್ತುತ್ತದಂತೆ, ಅವರು ಹಿಂದೆ ಕೂತರು. ಬೆಟ್ಟದ ದಾರಿಯಲ್ಲೆಲ್ಲ ಓಡಿಸುವವಳು ನನ್ನ ಮಗಳು ಎಂದು ಗೊತ್ತಾದಾಗ ನನ್ನ ಎದೆ ಡವಗುಟ್ಟಿತು.

ಇದಕ್ಕೆ ಒಂದು ಹಿಂದಿನ ಕಥೆ ಉಂಟು. ಇವಳು ಪಿ.ಯು.ಸಿ. ಓದುವಾಗ, ‘ಅಪ್ಪಾ, ನನಗೂ ಗಾಡಿ ಓಡಿಸೋದು ಕಲಿಸು’ ಎಂದು ಕೇಳಿದ್ದಳು. ‘ನಮ್ಮನೇಲಿ ಸ್ಟೀರಿಂಗ್ ಹಿಡಿಯೋನು ಒಬ್ಬ ಸಾಕು’ ಎಂದಿದ್ದೆ. ಮತ್ತೆ ಕೇಳಲಿಲ್ಲ. ಜರ್ಮನಿಗೆ ಹೋದ ಮೇಲೆ ಅಲ್ಲಿನ ಕಷ್ಟದ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ತೆಗೆದುಕೊಂಡಳು. ಊರೂರಿನ ಮಕ್ಕಳನ್ನು ಸ್ಕೂಲಿಗೆ ಮುಟ್ಟಿಸಿದವನು ಮನೆಯ ಮಗಳಿಗೆ ಒಂದು ಗೇರು ಹಾಕುವುದನ್ನು ಕಲಿಸಲಿಲ್ಲ.

ಗಡಿ ದಾಟುವುದು ಹೇಗಿರುತ್ತದೋ ಎಂದು ನಾನು ಪಾಸ್‌ಪೋರ್ಟ್ ಕೈಯಲ್ಲೇ ಹಿಡಿದು ಕೂತಿದ್ದೆ. ಹಿಂದೂಪುರದ ದಾರಿಯಲ್ಲಿ ಆಂಧ್ರ ಗಡಿ ಬಂದರೆ ಲಾರಿಗಳ ಸಾಲು ನೋಡಿ ಅಭ್ಯಾಸವಾದವನು ನಾನು. ಇಲ್ಲಿ ಆಸ್ಟ್ರಿಯಾ ಬಂದದ್ದು ಒಂದು ನೀಲಿ ಬೋರ್ಡು ನೋಡಿ ಗೊತ್ತಾಯಿತು, ಅಷ್ಟೇ. 1985ರಲ್ಲಿ ಲಕ್ಸೆಂಬರ್ಗ್ ದೇಶದ ಶೆಂಗೆನ್ ಎಂಬ ಸಣ್ಣ ಊರಿನ ಹತ್ತಿರ, ನದಿಯಲ್ಲಿ ನಿಂತ ಒಂದು ಹಡಗಿನ ಮೇಲೆ ಐದು ದೇಶಗಳು ಸಹಿ ಹಾಕಿದ ಒಪ್ಪಂದದ ಫಲವಂತೆ ಇದು. ಒಂದು ವೀಸಾ ಇದ್ದರೆ ಆ ಒಪ್ಪಂದಕ್ಕೆ ಸೇರಿದ ದೇಶವೆಲ್ಲ ಸುತ್ತಬಹುದು. ಹಾಗೆಂದು ರಸ್ತೆ ಪುಕ್ಕಟೆಯಲ್ಲ. ನಮ್ಮ ದೇವನಹಳ್ಳಿ ರಸ್ತೆಯ ಸಾದಹಳ್ಳಿ ಟೋಲಿನಲ್ಲಿ ದಾಟಿದಷ್ಟು ಸಲ ದುಡ್ಡು. ಆಸ್ಟ್ರಿಯಾದ ಹೆದ್ದಾರಿಗೆ ಇಷ್ಟು ದಿನಕ್ಕೆ ಇಷ್ಟು ಎಂದು ಮೊದಲೇ ಕಟ್ಟಬೇಕು. ಸ್ವಿಟ್ಜರ್ಲೆಂಡಿನ ಹೆದ್ದಾರಿಗೆ ಒಂದೇ ದಿನ ಓಡಿಸಿದರೂ ವರ್ಷದ 40 ಫ್ರಾಂಕ್ ಕಕ್ಕಬೇಕು.

ಆಸ್ಟ್ರಿಯಾ ದಾಟಿ ಇಟಲಿಗೆ ಹೋಗುವ ರೆಶೆನ್ ಕಣಿವೆದಾರಿ ನಮ್ಮ ನಂದಿಬೆಟ್ಟಕ್ಕಿಂತ ಸ್ವಲ್ಪವೇ ಎತ್ತರ. ನಂದಿ 1478 ಮೀಟರ್, ಇದು 1500ರ ಮೇಲೆ ಚೂರು. ನಂದಿಯ ಹಾಗೆ ಇದೂ ನೀರು ಹಂಚುವ ಜಾಗ. ಉತ್ತರಕ್ಕೆ ಇಳಿದ ಮಳೆ ಇನ್ ನದಿ ಸೇರಿ, ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ ಹೋಗುತ್ತದೆ. ದಕ್ಷಿಣಕ್ಕೆ ಇಳಿದದ್ದು ಅದೀಜೆ ನದಿಯಾಗಿ ಏಡ್ರಿಯಾಟಿಕ್ ಸಮುದ್ರಕ್ಕೆ. ನಮ್ಮ ನಂದಿ ಸಾಲಿನ ಅರ್ಕಾವತಿ ಕಾವೇರಿಗೆ, ಉತ್ತರ ಪಿನಾಕಿನಿ ಆಂಧ್ರಕ್ಕೆ, ದಕ್ಷಿಣ ಪಿನಾಕಿನಿ ತಮಿಳುನಾಡಿಗೆ ಹೋಗುತ್ತವಲ್ಲ, ಹಾಗೆ. ಅಲ್ಲಿನ ನದಿಗಳಲ್ಲಿ ಜೂನ್ ತಿಂಗಳಲ್ಲಿ ಹಿಮ ಕರಗಿ ನೀರು ಭೋರ್ಗರೆಯುತ್ತಿತ್ತು. ಅರ್ಕಾವತಿ ನೆನಪಾಗಿ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅಲ್ಲೇ ಒಂದು ದೊಡ್ಡ ಕೆರೆ. ಕೆರೆಯ ನೀರಿನಿಂದ ಒಂದು ಗಂಟೆಗೋಪುರ ಮಾತ್ರ ಮೇಲೆದ್ದು ನಿಂತಿದೆ, ಕೆಳಗೆ ಚರ್ಚೂ ಇಲ್ಲ, ಊರೂ ಇಲ್ಲ. ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿ 1950ರಲ್ಲಿ ಗ್ರೌನ್ ಎಂಬ ಹಳ್ಳಿಯನ್ನು ಮುಳುಗಿಸಿದರು. 14ನೇ ಶತಮಾನದ ಗೋಪುರವೊಂದನ್ನು ಕೆಡವಲಿಲ್ಲ. ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿದಾಗ ಗಂಟೆಯ ಸದ್ದು ಕೇಳುತ್ತದೆ ಎಂದು ಅಲ್ಲಿಯವರು ಹೇಳುತ್ತಾರಂತೆ. ಗಂಟೆಗಳನ್ನು ನೀರು ಬಿಡುವ ಮುಂಚೆಯೇ ಇಳಿಸಿದ್ದಾರೆ ಎನ್ನುವುದು ಬೇರೆ ಮಾತು! ನನ್ನ ಹೆಂಡತಿ, ‘ನಮ್ಮ ಹಾಸನದ ಶೆಟ್ಟಿಹಳ್ಳಿ ಚರ್ಚು ಇದ್ದಂಗೇ ಇದೆ’ ಎಂದಳು. ನಿಜ. ಹೇಮಾವತಿ ಹಿನ್ನೀರಿನಲ್ಲಿ ನಿಂತ ಆ ಚರ್ಚನ್ನು ನೀವೂ ನೋಡಿರಬಹುದು. ಊರು ಬಿಟ್ಟವರ ಕಥೆ ಎಲ್ಲಿ ಹೋದರೂ ಒಂದೇ ಥರ. ಗೋಪುರದ ಫೋಟೋ ತೆಗೆಯಲು ಜನ ಸಾಲು ನಿಂತಿದ್ದರು, ನನಗೆ ತೆಗೆಯಲು ಮನಸ್ಸಾಗಲಿಲ್ಲ.

ಅಲ್ಲಿಂದ ಇಳಿದರೆ ಪ್ರಾಡ್ ಎಂಬ ಊರು. ಇಟಲಿ ದೇಶ, ಆದರೆ ಜನರ ಮಾತು ಜರ್ಮನ್. ಮೊದಲ ಮಹಾಯುದ್ಧದ ನಂತರ ಗಡಿ ಸರಿದು ಇಟಲಿಗೆ ಸೇರಿದ ನಾಡು. ಬೋರ್ಡುಗಳೆಲ್ಲ ಎರಡು ಭಾಷೆಯಲ್ಲಿ. ನಮ್ಮ ಕಾಸರಗೋಡಿನ ಕನ್ನಡಿಗರು ನೆನಪಾದರು. ಇಲ್ಲಿಂದ ಶುರುವಾಗುವುದು ಸ್ಟೆಲ್ವಿಯೋ ರಸ್ತೆ.

ಮಕ್ಕಳೇ, ಆಗುಂಬೆ ಘಾಟಿಯಲ್ಲಿ ಹೇರ್‌ಪಿನ್ ತಿರುವು ಹದಿನಾಲ್ಕು. ಸ್ಟೆಲ್ವಿಯೋದಲ್ಲಿ, ನಾವು ಹತ್ತಿದ ಈ ಒಂದು ಬದಿಯಲ್ಲೇ, ನಲವತ್ತೆಂಟು! ತುದಿಯ ಎತ್ತರ 2757 ಮೀಟರ್, ಊಟಿಯ ದೊಡ್ಡಬೆಟ್ಟದ ತಲೆಗಿಂತ ನೂರು ಮೀಟರಿಗೂ ಹೆಚ್ಚು. ಟಾರು ಹಾಕಿದ ಆಲ್ಪ್ಸ್ ಕಣಿವೆದಾರಿಗಳಲ್ಲಿ ಎರಡನೆಯ ಎತ್ತರದ್ದು. 1820ರಿಂದ 1825ರ ಒಳಗೆ, ಆಗಿನ ಆಸ್ಟ್ರಿಯಾ ಸಾಮ್ರಾಜ್ಯಕ್ಕಾಗಿ ಕಾರ್ಲೋ ದೊನೆಗಾನಿ ಎಂಬ ಎಂಜಿನಿಯರ್ ಮಾಡಿಸಿದ ರಸ್ತೆ. ಜೆ.ಸಿ.ಬಿ. ಇಲ್ಲ, ಡೈನಮೈಟ್ ಇನ್ನೂ ಹುಟ್ಟಿಲ್ಲ. ಓಡಬೇಕಾದದ್ದು ಕುದುರೆಗಾಡಿ. ಕುದುರೆಗೆ ಉಬ್ಬಸ ಬಾರದ ಹಾಗೆ ಏರು ಇರಬೇಕೆಂದರೆ ರಸ್ತೆಯನ್ನು ಮಡಿಸಿ ಮಡಿಸಿಯೇ ಮೇಲೇರಿಸಬೇಕು. ಕಾಡು ಮುಗಿದ ಮೇಲೆ ಒಂದು ಕಡೆ ತಲೆ ಎತ್ತಿ ನೋಡಿದರೆ, ಎದುರಿನ ಗೋಡೆಯಂಥ ಬೆಟ್ಟದ ಮೇಲೆ ಯಾರೋ ಉದ್ದದ ಪಂಚೆಯನ್ನು ಮಡಿಸಿ ಮಡಿಸಿ ಇಟ್ಟ ಹಾಗೆ ರಸ್ತೆ ಕಾಣುತ್ತದೆ.

ಮೊದಲ ತಿರುವು ಬರುವ ಮುಂಚೆಯೇ ನಾನು ಶುರು ಮಾಡಿದ್ದೆ. ‘ಗೇರ್ ಇಳಿಸು.’ ‘ಹಾರನ್ ಹೊಡಿ.’ ‘ಅಗಲಕ್ಕೆ ತಗೋ ಕಣಮ್ಮ.’ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಮಗಳು ತಿರುಗಿ ನೋಡಲಿಲ್ಲ. ಮೆಲ್ಲಗೆ, ‘ಅಪ್ಪಾ, ನಾನು ಓಡಿಸ್ತಾ ಇದೀನಿ’ ಎಂದಳು. ಕಾರಿನಲ್ಲಿ ಎಲ್ಲರೂ ಸುಮ್ಮನಾದರು. ಸ್ವಲ್ಪ ತಡೆದು ಅವಳೇ, ‘ಪ್ರತಿ ತಿರುವಲ್ಲೂ ಕಲ್ಲಿನ ಮೇಲೆ ನಂಬರ್ ಇರುತ್ತೆ. ಕೆಳಗಿಂದ ನಲವತ್ತೆಂಟು, ಮೇಲೆ ಹೋದಂಗೆ ಕಮ್ಮಿಯಾಗ್ತಾ ಒಂದಕ್ಕೆ ಬರುತ್ತೆ. ಪುಟ್ಟಿಗೆ ಕನ್ನಡದಲ್ಲಿ ಎಣಿಸೋದು ಹೇಳಿಕೊಡು’ ಎಂದಳು. ನನ್ನ ಬಾಯಿಗೆ ಬೇರೆ ಕೆಲಸ ಕೊಟ್ಟಳು, ಗೊತ್ತಾಯಿತಲ್ಲ?

‘ನಲವತ್ತೆಂಟು’ ಎಂದೆ. ಹಿಂದಿನಿಂದ ಪುಟ್ಟಿ, ‘ಎಂಟು ನಲವತ್ತು’ ಎಂದಳು. ತಿದ್ದಿದೆ. ಮುಂದಿನ ಕಲ್ಲಿಗೆ ‘ಏಳು ನಲವತ್ತು’. ಮಗು ಯಾಕೆ ಹೀಗೆ ತಿರುಗಾಮುರುಗಾ ಹೇಳುತ್ತದೆ ಎಂದರೆ, ಅಳಿಯ ವಿವರಿಸಿದರು. ಜರ್ಮನ್ ಭಾಷೆಯಲ್ಲಿ ಎಣಿಕೆಯೇ ಹಾಗೆ, ಎಂಟು ಮತ್ತು ನಲವತ್ತು ಎಂದು ಬಿಡಿ ಮೊದಲು, ಹತ್ತು ಆಮೇಲೆ! ಪಾಪ, ಮಗು ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಹೇಳುತ್ತಿತ್ತು. ನಲವತ್ತೈದು ಬರುವ ಹೊತ್ತಿಗೆ ಅವಳಿಗೆ ಗುಟ್ಟು ತಿಳಿಯಿತು. ನಾನು ಕಂಡಕ್ಟರ್ ಕೆಲಸವನ್ನೂ ಹೇಳಿಕೊಟ್ಟೆ. ನಿಲ್ಲಿಸಬೇಕಾದರೆ ‘ಹೋಲ್ಡಾನ್’, ತಿರುವು ದಾಟಿದರೆ ‘ರೈಟ್ ರೈಟ್’. ಅವಳ ಅಜ್ಜಿ ಕೋಡುಬಳೆ ಡಬ್ಬಿಯನ್ನು ಟಪಟಪ ತಟ್ಟುವುದು, ಇವಳು ಕೂಗುವುದು. ‘ಮೂವತ್ತೊಂಬತ್ತು, ರೈಟ್ ರೈಟ್!’

ಇಪ್ಪತ್ತರ ಚಿಲ್ಲರೆ ನಂಬರಿನ ಒಂದು ಕಲ್ಲಿನ ಹತ್ತಿರ ಮೇಲಿಂದ ಬಸ್ಸು ಬಂತು. ಬಸ್ಸು ತಿರುಗಬೇಕಾದರೆ ತಿರುವಿನ ಅಗಲವೆಲ್ಲ ಬೇಕು. ಒಂದು ಕಡೆ ಕಲ್ಲಿನ ಗೋಡೆ, ಒಂದು ಕಡೆ ಪ್ರಪಾತ, ನಮ್ಮ ಹಿಂದೆ ಎರಡು ಮೋಟಾರ್ ಸೈಕಲ್. ನನ್ನ ನಾಲಿಗೆ ತುದಿಗೆ ಹತ್ತು ಮಾತು ಬಂದವು, ನುಂಗಿದೆ. ಅವಳು ತಿರುವಿಗಿಂತ ಬಹಳ ಹಿಂದೆಯೇ ನಿಲ್ಲಿಸಿದ್ದಳು. ಕನ್ನಡಿ ನೋಡಿ, ಬೈಕಿನವರಿಗೆ ಕೈ ತೋರಿಸಿ, ಒಂದು ಕಾರಿನಷ್ಟು ಹಿಂದಕ್ಕೆ ಬಂದು ಗೋಡೆಗೆ ಒತ್ತಿ ನಿಂತಳು. ಬಸ್ಸು ಉಜ್ಜಿಕೊಂಡ ಹಾಗೆ ದಾಟಿತು. ಅದರ ಡ್ರೈವರ್ ಸ್ಟೀರಿಂಗ್ ಮೇಲಿಂದ ಎರಡು ಬೆರಳು ಎತ್ತಿದ. ನನಗೆ ಗೊತ್ತಿಲ್ಲದೆ ನನ್ನ ಕೈಯೂ ಎದ್ದಿತು, ಆದರೆ ಆತ ವಂದಿಸಿದ್ದು ನನಗಲ್ಲ.

ಹನ್ನೊಂದು, ಹನ್ನೆರಡು ಮಾತ್ರ ಪುಟ್ಟಿಗೆ ಕೊನೆಯವರೆಗೂ ಅದಲುಬದಲು. ‘ಒಂದು!’ ಎಂದು ಕೂಗಿದಾಗ ಅವಳ ಗಂಟಲು ಕಟ್ಟಿತ್ತು. ಮೇಲೆ ರಸ್ತೆ ಬದಿಯಲ್ಲಿ ಆಳೆತ್ತರ ಹಿಮ. ಎದುರಿಗೆ 3905 ಮೀಟರಿನ ಓರ್ಟ್ಲರ್ ಶಿಖರ. ಮೊದಲ ಮಹಾಯುದ್ಧದಲ್ಲಿ ಈ ಹಿಮದ ನೆತ್ತಿಯ ಮೇಲೆ ಸೈನಿಕರು ವರ್ಷಗಟ್ಟಲೆ ಕಾದಾಡಿದ್ದಾರೆ. ಪಕ್ಕದ ಗುಡ್ಡದ ಹೆಸರು ಮೂರು ಭಾಷೆಗಳ ಶಿಖರ. ಜರ್ಮನ್, ಇಟಾಲಿಯನ್, ರೊಮಾಂಶ್ ಆಡುವ ನಾಡುಗಳು ಸೇರುವ ಜಾಗ. ಕನ್ನಡ, ತೆಲುಗು, ತಮಿಳು ಮೂರೂ ಕೇಳುವ ಹೊಸಕೋಟೆ ಸಂತೆಯವರಿಗೆ ಇದೇನು ದೊಡ್ಡದಲ್ಲ ಬಿಡಿ. ಪುಳಿಯೋಗರೆ ಮಂಜುಗಡ್ಡೆಯಾಗಿತ್ತು, ಹಾಗೇ ತಿಂದೆವು.

ಉಂಬ್ರೈಲ್ ದಾರಿಯಾಗಿ ಸ್ವಿಟ್ಜರ್ಲೆಂಡಿಗೆ ಇಳಿದೆವು. ಇಳಿಯುವಾಗಲೇ ಡ್ರೈವರ್‌ನ ಪರೀಕ್ಷೆ. ಏರುವುದಕ್ಕೆ ಯಾವ ಗೇರು ಬೇಕೋ ಇಳಿಯುವುದಕ್ಕೂ ಅದೇ ಗೇರು, ಬ್ರೇಕನ್ನು ತುಳಿದೇ ಇದ್ದರೆ ಕಾದು ಕೈಕೊಡುತ್ತದೆ. ಇದು ನಮ್ಮ ಹಳೆಯ ಪಾಠ. ಮಗಳು ಎರಡನೇ ಗೇರಿನಲ್ಲೇ ಇಳಿಸಿದಳು. ಕೆಳಗೆ ಸಾಂತಾ ಮಾರಿಯಾ ಊರಲ್ಲಿ ನಿಲ್ಲಿಸಿದಾಗ ನಾನು ಇಳಿದು, ಹಳೆಯ ಅಭ್ಯಾಸದಂತೆ ಮುಂದಿನ ಚಕ್ರದ ಹತ್ತಿರ ಅಂಗೈ ಹಿಡಿದು ಶಾಖ ನೋಡಿದೆ. ತಲೆ ಎತ್ತಿದರೆ ಆ ಕಡೆಯ ಚಕ್ರದ ಹತ್ತಿರ ಅವಳೂ ಕುಕ್ಕರಗಾಲಲ್ಲಿ ಕೂತು ಅಂಗೈ ಹಿಡಿದಿದ್ದಳು. ‘ಇದನ್ನ ಯಾರು ಹೇಳಿಕೊಟ್ಟರು?’ ಎಂದೆ. ‘ಘಾಟಿ ಜಾತ್ರೆ ಟ್ರಿಪ್ಪಿಗೆ ನನ್ನ ಕರ್ಕೊಂಡು ಹೋಗ್ತಿದ್ದೆಯಲ್ಲಪ್ಪ, ನೋಡ್ತಿದ್ದೆ’ ಎಂದಳು. ನಾನು ಕರ್ಚೀಫು ತೆಗೆದು ಕನ್ನಡಕ ಒರೆಸಿಕೊಂಡೆ.

ಆ ಕಣಿವೆಯ ಹೆಸರು ವಾಲ್ ಮ್ಯುಸ್ಟೈರ್. ಇಡೀ ಕಣಿವೆಯ ಜನ 1400ರ ಆಸುಪಾಸು. ಆಡುವುದು ರೊಮಾಂಶ್. ಸ್ವಿಟ್ಜರ್ಲೆಂಡಿನ ನಾಲ್ಕು ರಾಷ್ಟ್ರೀಯ ಭಾಷೆಗಳಲ್ಲಿ ಇದೂ ಒಂದು, 1938ರಲ್ಲಿ ಜನರೇ ಓಟು ಹಾಕಿ ಮಾಡಿಕೊಂಡದ್ದು. ಒಟ್ಟು ಆಡುವವರು ಅರವತ್ತು ಸಾವಿರದಷ್ಟು. ಆದರೂ ಊರಿನ ಮಕ್ಕಳು ಸ್ಕೂಲಿನಲ್ಲಿ ಮೊದಲು ಕಲಿಯುವುದು ಅದನ್ನೇ, ಜರ್ಮನ್ ಆಮೇಲೆ. ಮಾರ್ಚ್ 1ಕ್ಕೆ ಮಕ್ಕಳೆಲ್ಲ ಹಸುವಿನ ಗಂಟೆಗಳನ್ನು ಬಾರಿಸುತ್ತ ಮೆರವಣಿಗೆ ಹೋಗಿ ಚಳಿಗಾಲವನ್ನು ಓಡಿಸುವ ಹಬ್ಬವಿದೆ, ಚಲಂಡಮಾರ್ಜ್ ಎಂದು ಹೆಸರು. ರಾತ್ರಿ ತಂಗಿದ ರೈತರ ಮನೆಯಾಕೆ ‘ಅಲ್ಲೆಗ್ರಾ’ ಎಂದು ನಮಸ್ಕಾರ ಹೇಳಿದರು. ಪುಟ್ಟಿಗೆ ಜರ್ಮನ್‌ನಲ್ಲಿ ಏನೋ ಕೇಳಿದರು. ‘ತಾತನ ಜೊತೆ ಯಾವ ಭಾಷೆ ಆಡ್ತೀಯ ಅಂತ ಕೇಳ್ತಿದಾರೆ’ ಎಂದು ಮಗಳು ಹೇಳಿದಳು. ಪುಟ್ಟಿ ಸ್ವಲ್ಪ ಯೋಚಿಸಿ, ‘ನಲವತ್ತೆಂಟು, ನಲವತ್ತೇಳು, ನಲವತ್ತಾರು...’ ಎಂದು ಶುರು ಮಾಡಿದಳು. ಆಕೆ ಕೂತು ಪೂರ್ತಿ ಕೇಳಿದರು. ಆಮೇಲೆ ತಮ್ಮದನ್ನು ಹೇಳಿದರು. ‘ಊನ್, ದುಓಸ್, ತ್ರೈಸ್.’

ಉಳಿದ ಎರಡು ದಿನದಲ್ಲಿ ನೋಡಿದ್ದು ಬಹಳ, ಹೇಳುವುದು ಕಡಿಮೆ. 1914ರಲ್ಲಿ ಮಾಡಿದ ಸ್ವಿಸ್ ರಾಷ್ಟ್ರೀಯ ಉದ್ಯಾನದ ನಡುವೆ ಹಾದೆವು. ಹಳದಿ ಬಣ್ಣದ ಅಂಚೆ ಬಸ್ಸು ತಿರುವಿನಲ್ಲಿ ಮೂರು ಸ್ವರದ ಹಾರನ್ ಊದಿತು. ಸೇಬುಹಣ್ಣಿಗೆ ಬಾಣ ಬಿಟ್ಟ ವಿಲಿಯಂ ಟೆಲ್ ಕಥೆ ನಿಮಗೆ ಗೊತ್ತಲ್ಲ, ಆ ಕಥೆಗೆ ರೊಸ್ಸೀನಿ ಮಾಡಿದ ಸಂಗೀತದಿಂದ ಎತ್ತಿಕೊಂಡ ಸ್ವರಗಳಂತೆ. ನಮ್ಮ ಲಾರಿ ಹಾರನ್ನುಗಳಿಗೆ ಯಾರಾದರೂ ಒಂದು ರಾಗ ಕಟ್ಟಿಕೊಡಬಾರದೆ! ಲಿಕ್ಟನ್‌ಸ್ಟೈನ್ ದೇಶ 160 ಚದರ ಕಿಲೋಮೀಟರ್, ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿಗಿಂತ ಎಷ್ಟೋ ಚಿಕ್ಕದು. ಹೆಂಡತಿ ಒಂದು ಕೋಡುಬಳೆ ತಿಂದು ಮುಗಿಸುವಷ್ಟರಲ್ಲಿ ಮುಗಿದೇ ಹೋಯಿತು ಎಂದು ಈಗಲೂ ಎಲ್ಲರಿಗೂ ಹೇಳುತ್ತಾಳೆ.

ಈಗ ಪ್ರತಿ ಭಾನುವಾರ ಪುಟ್ಟಿಯ ವಿಡಿಯೋ ಕರೆ ಬರುತ್ತದೆ. ‘ತಾತ, ನಂದಿಗೆ ತಿರುವು ಎಷ್ಟು?’ ಎಂದು ಮೊನ್ನೆ ಕೇಳಿದಳು. ಪೂರ್ತಿ ಕನ್ನಡದ ವಾಕ್ಯ! ಡಿಸೆಂಬರ್ ರಜೆಗೆ ಬರುತ್ತಾಳೆ, ಅವಳಮ್ಮ ಅಲ್ಲಿಗೂ ಕಾರು ಓಡಿಸುತ್ತಾಳಂತೆ. ವರ್ಷಗಟ್ಟಲೆ ಆ ಬೆಟ್ಟಕ್ಕೆ ಬಸ್ಸು ಹತ್ತಿಸಿದ ನಾನು ತಿರುವುಗಳನ್ನು ಎಣಿಸಿಯೇ ಇರಲಿಲ್ಲ. ಪಕ್ಕದ ಮನೆಯ ಹುಡುಗನ ಸ್ಕೂಟರಿನಲ್ಲಿ ಹಿಂದೆ ಕೂತು ಹೋದ ಶನಿವಾರ ಎಣಿಸಲು ಹೋದೆ. ವಾರಾಂತ್ಯದ ಕಾರುಗಳ ಸಾಲಿನಲ್ಲಿ ಸಿಕ್ಕಿ, ದೊಡ್ಡ ತಿರುವು ಯಾವುದು, ಚಿಕ್ಕದು ಯಾವುದು ಎಂದು ಹುಡುಗನ ಹತ್ತಿರ ವಾದ ಮಾಡುತ್ತ ಲೆಕ್ಕ ತಪ್ಪಿತು. ಮಂಗಳವಾರ ಜನ ಕಡಿಮೆ ಇರುತ್ತಾರೆ, ಮತ್ತೆ ಹೋಗಬೇಕು. ಸೀಮೆಸುಣ್ಣ ತೆಗೆದುಕೊಂಡು.